ಮುರಿದ ಸೇತುವೆಯ ಬಳಿಯಲ್ಲಿ ಕೊಟ್ಟ ಪ್ರಾಣವು ವ್ಯರ್ಥವೋ?

ಒಂದು ಕಾರ್ಯವು ಕೈಗೂಡದೆ ಹೋದರೆ ಅದಕ್ಕಾಗಿ ಪಟ್ಟ ಕಷ್ಟವೆಲ್ಲಾ ವ್ಯರ್ಥವೆಂದು ನಾವು ಹೇಳುವದುಂಟು. ಮಳೆಯಿಲ್ಲದೆ ಪೈರು ಒಣಗಿದರೆ ಬಿತ್ತಿದ ಬೀಜವನ್ನೂ, ರೋಗಿಯು ಉಳಿಯದಿದ್ದರೆ ಮಾಡಿದ ಆರೈಕೆಯನ್ನೂ ನಷ್ಟದ ಲೆಕ್ಕಕ್ಕೆ ಸೇರಿಸುತ್ತೇವೆ. ಈ ಲೆಕ್ಕವು ಸರಿಯೋ ಎಂಬದನ್ನು ಒಬ್ಬ ಯೌವನಸ್ಥನ ಮರಣವನ್ನು ನೋಡಿ ವಿಚಾರಿಸೋಣ.

ಜೋ ಮ್ಯಾನ್ ಎಂಬವನು 1922ನೆಯ ಇಸವಿಯಲ್ಲಿ ಅಮೇರಿಕಾ ದೇಶದ ವಾಷಿಂಗ್ಟನ್ ಸಂಸ್ಥಾನದ ರಿಯರ್ಡನ್ ಎಂಬ ಸಣ್ಣ ಊರಲ್ಲಿ ಹುಟ್ಟಿದನು. ಎರಡನೆಯ ಮಹಾಯುದ್ಧದಲ್ಲಿ ಅವನು ವಿಮಾನದಿಂದ ಛತ್ರಿಯ ಆಧಾರದಲ್ಲಿ ಧುಮುಕುವ ಸಿಪಾಯಿಯಾದನು. 1944ನೆಯ ಸೆಪ್ಟೆಂಬರ್ 17ರಂದು ಅವನ ದಂಡು ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ಇಳಿಯಿತು. ಅವನಿದ್ದ ಸಣ್ಣ ಗುಂಪು ಬೆಸ್ಟ್ ಎಂಬ ಊರಿನ ಬಳಿ ವಿಲ್ಹೆಲ್ಮಿನಾ ಕಾಲುವೆಯ ಸೇತುವೆಯನ್ನು ಹಿಡಿಯಲು ಹೋಗಿ ಶತ್ರುಗಳ ನಡುವೆ ಸಿಕ್ಕಿಕೊಂಡಿತು. 18ರಂದು ಜರ್ಮನರು ಆ ಸೇತುವೆಯನ್ನು ಸಿಡಿಮದ್ದಿನಿಂದ ಹಾರಿಸಿಬಿಟ್ಟರು.

ಅದೇ ದಿನ ಜೋ ಮ್ಯಾನನು ಶತ್ರುಗಳ ಒಂದು ಫಿರಂಗಿಯನ್ನು ನಾಶಮಾಡಿ, ನಾಲ್ಕು ಸಾರಿ ಗಾಯಪಟ್ಟನು. ಅವನ ಎರಡು ತೋಳುಗಳನ್ನೂ ಮೈಗೆ ಸೇರಿಸಿ ಕಟ್ಟಿದರು. ಆದಾಗ್ಯೂ ಅವನು ಹಟಹಿಡಿದು ಆ ರಾತ್ರಿ ಕಾವಲಿಗೆ ಕೂತನು. ಮರುದಿನ ಬೆಳಿಗ್ಗೆ ಒಂದು ಕೈಬಾಂಬು ಅವರ ನಡುವೆ ಬಿತ್ತು. ಅದನ್ನು ಎತ್ತಿ ಎಸೆಯಲು ಅವನಿಗೆ ಕೈಗಳಿರಲಿಲ್ಲ. ಸಂಗಡಿಗರಿಗೆ ಕೂಗಿ ತಿಳಿಸಿ, ಅವನು ತನ್ನ ದೇಹವನ್ನೇ ಅದರ ಮೇಲೆ ಒಡ್ಡಿ ಸತ್ತನು. ಅವನಿಗೆ 22 ವರುಷ.

ಸೇತುವೆಯಂತೂ ಹಿಂದಿನ ದಿನವೇ ಮುರಿದಿತ್ತು. ಹಾಗಾದರೆ ಅವನು ಯಾತಕ್ಕೋಸ್ಕರ ಸತ್ತನು? ಸೇತುವೆಗೋಸ್ಕರವಲ್ಲ, ಜಯಕ್ಕೋಸ್ಕರವೂ ಅಲ್ಲ, ಪಕ್ಕದಲ್ಲಿದ್ದವರಿಗೋಸ್ಕರವೇ. ಕಾರ್ಯವು ಕೆಟ್ಟುಹೋದರೂ ನೆರೆಯವನ ಪ್ರಾಣದ ಬೆಲೆಯು ಕಡಿಮೆಯಾಗಲಿಲ್ಲವೆಂದು ಅವನು ಕಂಡನು.

ಹಿಂದಿನ ದಿನ ಅವನೂ ಮನುಷ್ಯರನ್ನು ಕೊಂದನಲ್ಲಾ ಎಂದು ಕೆಲವರು ಹೇಳಾರು. ಅದು ನಿಜವೇ, ಯುದ್ಧವನ್ನು ಹೊಗಳುವದು ನಮ್ಮ ಉದ್ದೇಶವಲ್ಲ. ಆದರೆ ಕೊಲ್ಲುವದಕ್ಕೆ ಆಯುಧವೂ ಕೈಗಳೂ ಬೇಕು. ಪ್ರೀತಿಸುವದಕ್ಕೆ ಕಟ್ಟಿದ ಕೈಗಳು ಅಡ್ಡಿಯಾಗಲಿಲ್ಲವೆಂಬದನ್ನು ಗಮನಿಸಬೇಕು.

ಬೆಸ್ಟ್ ಊರಿನವರು 1956ರಲ್ಲಿ ಅವನ ನೆನಪಿಗಾಗಿ ಹೆಜ್ಜಾರ್ಲೆ ಹಕ್ಕಿಯ ಶಿಲ್ಪವುಳ್ಳ ಸ್ತಂಭವನ್ನು ನಿಲ್ಲಿಸಿದರು. ಈ ಹಕ್ಕಿಯು ತನ್ನ ಎದೆಯನ್ನು ಸೀಳಿ ಮರಿಗಳಿಗೆ ರಕ್ತವನ್ನು ಕೊಡುತ್ತದೆಂದು ಯೂರೋಪಿನ ಜನರು ಪೂರ್ವದಲ್ಲಿ ನಂಬಿ, ಅದನ್ನು ಕ್ರಿಸ್ತನ ಗುರುತಾಗಿ ದೇವಾಲಯಗಳಲ್ಲಿ ಕೆತ್ತಿದ್ದರು. ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆಗಳು ಮರಿಗಳಿಗೆ ಮೀನನ್ನೇ ಉಣಿಸುವವೆಂದು ನಾವು ಬಲ್ಲೆವು. ಹಕ್ಕಿಯ ವಿಷಯದಲ್ಲಿ ಸುಳ್ಳಾದ ಮಾತು ಈ ಯೌವನಸ್ಥನಲ್ಲಿ ಸತ್ಯವಾಯಿತು.

ಆದಕಾರಣ, ಪ್ರಿಯರೇ, ಗುಣವಾಗದ ರೋಗಿಯ ಬಳಿ ಇರುಳೆಲ್ಲಾ ಕೂತ ತಾಯಿಯು ತನ್ನ ಶ್ರಮವು ವ್ಯರ್ಥವಾಯಿತೆಂದು ಅಳದಿರಲಿ. ಸೇತುವೆಯು ಮುರಿದ ಮೇಲೆಯೂ ಪಕ್ಕದಲ್ಲಿರುವವನು ನಮ್ಮ ಪಾಲಿಗೆ ಉಳಿದೇ ಇರುತ್ತಾನೆ.