ಬಾಡಿಗೆಯ ಮನೆ, ಒಡೆಯನ ಸ್ವತ್ತು



ಜರ್ಮನಿಯಲ್ಲಿ ಪೀಠೋಪಕರಣಸಹಿತ ಮನೆಯನ್ನು ಬಾಡಿಗೆಗೆ ಹಿಡಿದ ಮಗಳ ಬಳಿ ಕೆಲಕಾಲವಿದ್ದೆವು. ಕೀಲಿಕೈ ಪಡೆಯುವಾಗಲೇ ಮಂಚ, ಮೇಜು, ಚಮಚಗಳ ಪಟ್ಟಿಗೆ ರುಜು ಹಾಕಬೇಕು. ಮೂಲ ಬಾಡಿಗೆಯ 3 ತಿಂಗಳಷ್ಟರವರೆಗೆ ಠೇವಣಿ ಇಡಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಕೂಡದು. "ಎಲ್ಲವೂ ಪರರದು, ಇಲ್ಲಿ ದೇವರನ್ನು ಎಲ್ಲಿ ಕೂರಿಸಲಿ?" ಎಂದು ಮಗಳು ಕಣ್ಣೀರಿಟ್ಟಳು.

ನನಗೆ ರೈಲ್ವೆ ವಸತಿಗೃಹಗಳ ನೆನಪಾಯಿತು. ಪ್ರತಿ ವರ್ಗಾವಣೆಯಲ್ಲೂ ಬಲ್ಬು, ಫ್ಯಾನುಗಳನ್ನು ಎಣಿಸಿ ಒಪ್ಪಿಸಿಯೇ ಹೊರಟವರು ನಾವು. ಅಲ್ಲಿ ಪೂಜೆ ನಿಂತಿತ್ತೇ?

ಗೀತೆಯ 5ನೆಯ ಅಧ್ಯಾಯವು ದೇಹವನ್ನು ಒಂಬತ್ತು ಬಾಗಿಲುಗಳ ಪುರವೆನ್ನುತ್ತದೆ. ಇಂದ್ರಿಯಗಳೆಂಬ ಸಾಮಗ್ರಿಗಳೊಡನೆ ದೊರೆತ ಈ ಪುರವೂ ನಮ್ಮ ಸ್ವಂತದ್ದಲ್ಲ. ಶ್ರೀಮದಾಚಾರ್ಯರು 'ತತ್ತ್ವಸಂಖ್ಯಾನ'ದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ವಿಂಗಡಿಸಿ, ಸ್ವತಂತ್ರನು ವಿಷ್ಣುವೊಬ್ಬನೇ ಎಂದರು. ಹೀಗಿರಲು ಸ್ವಂತ ಮನೆಯೆಂಬುದು ನಮ್ಮೂರಿನಲ್ಲಾದರೂ ಎಲ್ಲಿದ್ದಿತು?

ಮರುದಿನ ಮಗಳು ಮಾಲೀಕರ ಅನುಮತಿ ಪಡೆದು, ಪುಸ್ತಕದ ಕಪಾಟಿನ ಮೇಲಂತಸ್ತನ್ನು ಶುಚಿಗೊಳಿಸಿ ದೇವರನ್ನು ಕೂರಿಸಿದಳು. ಘಂಟಾನಾದ 6ರ ನಂತರ, ಮೆಲ್ಲನೆ.

ಪಟ್ಟಿಯಲ್ಲಿರುವುದನ್ನು ಕೆಡದಂತೆ ಬಳಸಿ ಒಡೆಯನಿಗೊಪ್ಪಿಸುವುದು ಬಾಡಿಗೆದಾರನ ಧರ್ಮ; ಜೀವಿಯ ಧರ್ಮವೂ ಅದೇ. ನಾವು ಹೊರಡುವ ದಿನ ನಮ್ಮ ಪಟ್ಟಿಯೂ ಸರಿಯಾಗಿರಲಿ.

ಶ್ರೀಕೃಷ್ಣಾರ್ಪಣಮಸ್ತು.