ಮಬ್ಬಾಗಿದ್ದು ನೆಲ, ಕಣ್ಣಲ್ಲ

ತಪ್ಪನ್ನ ಸರಿ ಮಾಡಿದ ಮೇಲೂ ಅದನ್ನ ಹೇಳಲೇಬೇಕಾ? ಈ ಪ್ರಶ್ನೆ ನನಗೆ ಎದುರಾಗಿದ್ದು ಮನೆ ನೆಲದ ಮೇಲೆ.

ಸಿರುಗುಪ್ಪದ ಹತ್ತಿರ ನಮ್ಮೂರ ಮನೆಗೆ ಅಪ್ಪ ಹಾಕಿಸಿದ್ದು ಶಹಾಬಾದ್ ಬಂಡೆ. ಓಡಾಡಿ, ಒರೆಸಿ ನುಣುಪಾಗಿದ್ದ ನೆಲ ಈಚೆಗೆ ಸ್ವಲ್ಪ ಮಾಸಿತ್ತು. ಅಮ್ಮನಿಗೆ ಬಳ್ಳಾರಿಯಲ್ಲಿ ಕಣ್ಣಿನ ಪೊರೆ ಆಪರೇಷನ್ ಆಯ್ತು. ಆಕೆ ವಾಪಸ್ ಬರೋದ್ರೊಳಗೆ ನೆಲ ಹೊಳಿಬೇಕು ಅಂತ ಬಾತ್‌ರೂಮ್ ತೊಳೆಯೋ ಆಸಿಡ್ ತಂದು ಸುರಿದೆ. ಬುರುಬುರು ನೊರೆ ಬಂತು. ಕೊಳೆ ಬಿಡ್ತಿದೆ ಅಂತ ಖುಷಿಪಟ್ಟೆ.

ಬಿಡ್ತಿದ್ದದ್ದು ಕೊಳೆಯಲ್ಲ, ಕಲ್ಲು! ಶಹಾಬಾದ್ ಅಂದ್ರೆ ಸುಣ್ಣದ ಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಬಿದ್ರೆ ಮೇಲ್ಮೈ ಕರಗಿ ಇಂಗಾಲದ ಡೈಆಕ್ಸೈಡ್ ಗುಳ್ಳೆ ಬರುತ್ತೆ. ನಿಂಬೆ, ಹುಣಸೆ, ವಿನೆಗರ್ ಕೂಡ ಇದನ್ನೇ ನಿಧಾನಕ್ಕೆ ಮಾಡುತ್ತವೆ. ಒಣಗಿದ ಮೇಲೆ ನೋಡಿದ್ರೆ ಇಡೀ ಪಡಸಾಲೆ ಬೂದಿ ಬಳಿದಂಗಿತ್ತು.

ಮರುದಿನ ಅಮ್ಮ ಬಂದಳು. ಹೊಸ್ತಿಲಲ್ಲೇ ನಿಂತು, "ನೆಲ ಮಬ್ಬು ಕಾಣ್ತೈತಲ್ಲಪ್ಪ, ಕಣ್ಣು ಸರಿ ಆಗಿಲ್ಲೇನು?" ಅಂದಳು. ನಾನು, "ಸ್ವಲ್ಪ ದಿನ ಹಂಗೇ ಇರುತ್ತೆ" ಅಂದುಬಿಟ್ಟೆ.

ಕುರುಗೋಡಿನಿಂದ ಪಾಲಿಶ್ ಮೇಸ್ತ್ರಿ ಬಂದರು. "ಇದೇನು ನಮ್ಮ ಗುಡ್ಡದ ಗ್ರಾನೈಟ್ ಅನ್ಕಂಡ್ರಾ ಸಾರ್?" ಅಂತ ನಕ್ಕರು. ಮೇಣ ಹಚ್ಚಿ ಬೇಗ ಮುಗಿಸ್ರಿ ಅಂದೆ. ಹಚ್ಚಿದ್ರೆ ಸ್ವಲ್ಪ ದಿನ ಹೊಳಿತೈತಿ, ಕೆಳಗೆ ಗಾಯ ಹಂಗೇ ಇರ್ತೈತಿ ಅಂದರು. ನೀರು ಬಿಟ್ಟು ಡೈಮಂಡ್ ಪ್ಯಾಡಿನಲ್ಲಿ ಉಜ್ಜಬೇಕು: 200, 400, 800, 1500, 3000. ಒಂದೊಂದು ಪ್ಯಾಡ್ ಹಿಂದಿನದರ ಗೀರು ಅಳಿಸುತ್ತೆ. ನಡುವೆ ನಂಬರ್ ಹಾರಿಸಿದ್ರೆ ಹೊಳಪಿನೊಳಗೇ ಗೀರು ಕಾಣುತ್ತೆ. ಮುಂದೆ ಮರಳು ಗುಡಿಸಿ, ಹುಳಿಯಿಲ್ಲದ ಸೌಮ್ಯ ಸೋಪಿನಲ್ಲಿ ಒರೆಸಿದ್ರೆ ಸಾಕು ಅಂದರು.

ಎರಡು ದಿನದಲ್ಲಿ ನೆಲ ಮೊದಲಿನಂಗಾಯ್ತು. ಇನ್ನು ಹೇಳೋದ್ಯಾಕೆ? ಹಾನಿ ಹೋಯ್ತಲ್ಲ, ಹೇಳಿದ್ರೆ ಅಮ್ಮನಿಗೆ ಬೇಜಾರು ತಾನೇ? ಈ ವಾದ ನನಗೆ ಬಹಳ ಅನುಕೂಲವಾಗಿತ್ತು. ಅದಕ್ಕೇ ಅದರ ಮೇಲೆ ಅನುಮಾನ ಬಂತು.

ಆ ಎರಡು ದಿನ ಅಮ್ಮ ಸೂಜಿಗೆ ದಾರ ಪೋಣಿಸಲಿಲ್ಲ. ಕಣ್ಣು ಚೆನ್ನಾಗೇ ಇದ್ದರೂ ಅದನ್ನ ನಂಬೋದು ಬಿಟ್ಟಿದ್ದಳು. ನಾನು ಕೆಡಿಸಿದ್ದು ಎರಡು: ಒಂದು ಬಂಡೆ, ಇನ್ನೊಂದು ಆಕೆಗೆ ತನ್ನ ಕಣ್ಣಿನ ಮೇಲಿದ್ದ ನಂಬಿಕೆ. ಮೊದಲನೇದಕ್ಕೆ ಮೇಸ್ತ್ರಿ ಇದ್ದರು. ಎರಡನೇದಕ್ಕೆ ಯಾವ ಪ್ಯಾಡೂ ಇಲ್ಲ, ಬಾಯಿಬಿಟ್ಟು ಹೇಳೋದೊಂದೇ. ತಪ್ಪಿನ ಗುರುತು ಅಳಿಸಿದ್ರೆ ತಪ್ಪಿನ ಫಲ ಅಳಿಯಲ್ಲ. ಅದನ್ನ ಹೊತ್ತವರು ಬೇರೆ ಇರ್ತಾರೆ.

ಹೇಳಿದೆ. ಬೈಗುಳಕ್ಕೆ ಕಾದೆ.

"ಹಂಗಾದ್ರೆ ನನ್ನ ಕಣ್ಣು ಚೆಂದಾಗೇ ಅವೆ ಅನ್ನು!" ಅಂದಳು ಅಮ್ಮ. ಆಮೇಲೆ ಎದ್ದು ಸೂಜಿ ಡಬ್ಬಿ ಹುಡುಕೋಕೆ ಹೋದಳು.