ಇಂದಿನ ಧಮ್ಮ ಚಿಂತನೆ: ಸಂತೆಯಲ್ಲಿ ಫೋಟೋ ಮಾರುವ ದಂಪತಿ ಮತ್ತು ಸಮ್ಯಕ್ ಆಜೀವ



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಯುವ ದಂಪತಿ ಒಂದು ವಿಷಯ ಎತ್ತಿದರು. ಗಂಡ ಹೆಂಡತಿ ಇಬ್ಬರಿಗೂ ಕ್ಯಾಮೆರಾ ಕೆಲಸ ಗೊತ್ತು. ಇಷ್ಟು ದಿನ ಮದುವೆ, ನಾಮಕರಣದ ಆರ್ಡರ್ ಹಿಡಿಯುತ್ತಿದ್ದರು. ಈಗ ತಾವು ತೆಗೆದ ಊರು, ಕೆರೆ, ಸಂತೆ, ದುಡಿಯುವ ಜನರ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಫ್ರೇಮ್ ಹಾಕಿಸಿ, ಕಲಾ ಸಂತೆ ಮತ್ತು ಕರಕುಶಲ ಮೇಳಗಳಲ್ಲಿ ಸ್ಟಾಲ್ ಹಾಕಬೇಕೆಂದಿದ್ದಾರೆ.

"ಲಾಭ ಇಟ್ಟು ಮಾರಿದರೆ ಅದು ಲೋಭ ಆಗುತ್ತಾ ಮೇಡಂ?" ಎಂದು ಗಂಡ ಕೇಳಿದರು. ಹೆಂಡತಿಯ ಪ್ರಶ್ನೆ ಇನ್ನೂ ಆಳದ್ದು: "ಬುದ್ಧರು ಬೇಡ ಅಂದ ಐದು ವ್ಯಾಪಾರಗಳಲ್ಲಿ ಇದು ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಸರಿ ಅಂತ ಆಗುತ್ತಾ?"

ಈ ಎರಡು ಪ್ರಶ್ನೆಗಳೇ ಇವತ್ತಿನ ಚಿಂತನೆ.

*ಲಾಭ ತಪ್ಪಲ್ಲ*

ಮೊದಲ ಪ್ರಶ್ನೆಗೆ ಅಂಗುತ್ತರ ನಿಕಾಯದಲ್ಲಿ ಉತ್ತರವಿದೆ. ಬುದ್ಧರು ಭಿಕ್ಖುಗಳಿಗೆ ಒಬ್ಬ ಒಳ್ಳೆಯ ಅಂಗಡಿಯವನ ಉದಾಹರಣೆ ಕೊಡುತ್ತಾರೆ. ಅವನಿಗೆ ಕಣ್ಣಿದೆ ಎನ್ನುತ್ತಾರೆ. ಅಂದರೆ ಈ ಸರಕನ್ನು ಇಷ್ಟಕ್ಕೆ ಕೊಂಡು ಇಷ್ಟಕ್ಕೆ ಮಾರಿದರೆ ಇಷ್ಟು ಉಳಿಯುತ್ತದೆ ಎಂಬ ಲೆಕ್ಕ ಅವನಿಗೆ ಸ್ಪಷ್ಟ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಅವನ ಗಮನ ಕೆಲಸದ ಮೇಲೆ ಇರುತ್ತದೆ. ಲಾಭದ ಲೆಕ್ಕ ತಿಳಿದಿರುವುದು ದೋಷವಾಗಿದ್ದರೆ, ಅಂಥವನನ್ನು ಭಿಕ್ಖುಗಳಿಗೆ ಮಾದರಿಯಾಗಿ ತೋರಿಸುತ್ತಿರಲಿಲ್ಲ.

ಹಾಗಾಗಿ ಲೆಕ್ಕ ಸರಿಯಾಗಿ ಹಾಕಿ. ಪ್ರಿಂಟ್ ಖರ್ಚು, ಮೌಂಟ್ ಬೋರ್ಡ್, ಫ್ರೇಮ್, ಸಾಗಿಸುವಾಗ ಒಡೆಯುವ ಗಾಜು, ಸ್ಟಾಲ್ ಬಾಡಿಗೆ, ಟೆಂಪೊ ಬಾಡಿಗೆ ಎಲ್ಲ ಸೇರಿಸಿ. ಇಬ್ಬರ ಕೂಲಿಯನ್ನೂ ಸೇರಿಸಿ. ನಮ್ಮ ಜನ ಸಾಮಾನ್ಯವಾಗಿ ಮರೆಯುವುದು ಇದೊಂದನ್ನೇ. ತಲೆಮಾರುಗಳ ಕಾಲ ಬಿಟ್ಟಿ ಚಾಕರಿ ಮಾಡಿಸಿಕೊಂಡ ಸಮಾಜ ನಮ್ಮ ದುಡಿಮೆಗೆ ಬೆಲೆಯೇ ಇಲ್ಲ ಎಂದು ನಮಗೇ ನಂಬಿಸಿಬಿಟ್ಟಿದೆ. ನಮ್ಮ ಶ್ರಮಕ್ಕೆ ನ್ಯಾಯವಾದ ಬೆಲೆ ಕಟ್ಟುವುದು ಲೋಭ ಅಲ್ಲ, ಸ್ವಾಭಿಮಾನ.

*ಪಟ್ಟಿಯ ಆಚೆಗೆ*

ಈಗ ಎರಡನೇ ಪ್ರಶ್ನೆ. ಉಪಾಸಕರು ಮಾಡಬಾರದ ವ್ಯಾಪಾರಗಳೆಂದು ಬುದ್ಧರು ಹೇಳಿದ್ದು ಐದು: ಆಯುಧ, ಮನುಷ್ಯರು, ಮಾಂಸ, ಮದ್ಯ, ವಿಷ. ಫೋಟೋ ಇದರಲ್ಲಿಲ್ಲ, ನಿಜ. ಆದರೆ ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಸಮ್ಯಕ್ ಆಜೀವವನ್ನು ವಿವರಿಸುವಾಗ ಪಟ್ಟಿ ಕೊಟ್ಟು ಸುಮ್ಮನಾಗುವುದಿಲ್ಲ, ಒಂದು ಅಳತೆಗೋಲು ಕೊಡುತ್ತಾರೆ. ಇನ್ನೊಬ್ಬರಿಗೆ ಕೇಡು ಮಾಡದೆ, ಇನ್ನೊಬ್ಬರಿಗೆ ಅನ್ಯಾಯ ಮಾಡದೆ ಗಳಿಸುವುದೇ ಒಳ್ಳೆಯ ಜೀವನೋಪಾಯ ಎಂಬುದು ಅವರ ಮಾತಿನ ಸಾರ.

ಕೇಡು, ಅನ್ಯಾಯ ಎಂದು ಎರಡು ಪದ ಯಾಕೆ ಎಂದು ಯೋಚಿಸಿ. ಕೇಡು ಕಣ್ಣಿಗೆ ಕಾಣುತ್ತದೆ. ಅನ್ಯಾಯ ಎಷ್ಟೋ ಸಲ ನಗುತ್ತಾ, ಮಾತಾಡುತ್ತಾ, ಯಾರಿಗೂ ಗೊತ್ತಾಗದಂತೆ ನಡೆದುಹೋಗುತ್ತದೆ. ಜಾತಿಯ ಅನುಭವ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೋಟೋ ಸ್ಟಾಲಿನಲ್ಲಿ ಅನ್ಯಾಯ ಆಗಬಹುದಾದವರು ಮೂವರು. ಫೋಟೋದೊಳಗೆ ಇರುವವರು, ಮೇಜಿನ ಎದುರಿಗೆ ಇರುವವರು, ನಮ್ಮ ಪಕ್ಕದಲ್ಲೇ ಇರುವವರು. ಈ ಮೂವರಲ್ಲಿ ಯಾರನ್ನೂ ಸಣ್ಣವರನ್ನಾಗಿ ಮಾಡದೆ ಗಳಿಸಿದ ದುಡ್ಡು ಸಮ್ಯಕ್ ಆಜೀವ.

*1. ಫೋಟೋದೊಳಗೆ ಇರುವವರು*

ನಮ್ಮ ಭಾಷೆಯನ್ನೇ ಗಮನಿಸಿ. ಫೋಟೋ 'ತೆಗೆಯುತ್ತೇವೆ', 'ಹಿಡಿಯುತ್ತೇವೆ', 'ಹೊಡೆಯುತ್ತೇವೆ'. ಮೂರೂ ಕ್ಯಾಮೆರಾ ಹಿಡಿದವರ ಕ್ರಿಯೆಗಳೇ. ಎದುರಿಗಿರುವವರು ಕೊಟ್ಟರು ಎಂಬ ಅರ್ಥ ಒಂದರಲ್ಲೂ ಇಲ್ಲ.

ಪಂಚಶೀಲದ ಎರಡನೇ ಶೀಲದಲ್ಲಿ ಬರುವ ಪದ 'ಅದಿನ್ನಾದಾನ'. ಅದನ್ನು ಕಳ್ಳತನ ಎಂದು ಸುಲಭವಾಗಿ ಅನುವಾದ ಮಾಡುತ್ತೇವೆ. ಪದದ ಅರ್ಥ ಅದಕ್ಕಿಂತ ವಿಶಾಲ: ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಮನುಷ್ಯರ ಮುಖವೂ ಅವರದ್ದೇ. ಅದನ್ನು ಅವರು ಕೊಟ್ಟರೋ, ನಾವು ತೆಗೆದುಕೊಂಡೆವೋ?

ಬೆಳಗಿನ ಜಾವ ರಸ್ತೆ ಗುಡಿಸುವ ತಾಯಿ. ಜಲ್ಲಿ ಹೊತ್ತು ಮಧ್ಯಾಹ್ನ ನೆರಳಲ್ಲಿ ಮಲಗಿದ ಕೂಲಿಕಾರ. ಸಿಗ್ನಲ್ ಬಳಿ ಮೈಮೇಲೆ ಅಂಗಿಯಿಲ್ಲದ ಮಗು. ಬೆಳಕು ಚೆನ್ನಾಗಿ ಬಿದ್ದಿದೆ, ಕಪ್ಪು ಬಿಳುಪಿನಲ್ಲಿ ಮುಖದ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಇಂಥ ಫೋಟೋಗಳಿಗೆ ಗಿರಾಕಿ ಇದ್ದೇ ಇರುತ್ತಾರೆ. ಆದರೆ ಆ ತಾಯಿಗೆ ತನ್ನ ಮುಖ ಯಾರದೋ ಮನೆಯ ಹಾಲ್‌ಗೆ ಹೋಗಿ ನೇತಾಡುತ್ತಿದೆ ಎಂಬುದೇ ಗೊತ್ತಿಲ್ಲ. ಫ್ರೇಮಿನ ಕೆಳಗಿನ ಚೀಟಿಯಲ್ಲಿ ಅವರ ಹೆಸರಿಲ್ಲ. 'ಬದುಕಿನ ಬವಣೆ' ಎಂಬ ಶೀರ್ಷಿಕೆ ಇದೆ. ಆ ಮುಖ ಎಷ್ಟೋ ಸಲ ನಮ್ಮ ಕೇರಿಯದ್ದೇ ಮುಖ.

ಈಗ ಇನ್ನೊಂದು ಫೋಟೋ ನೆನೆಸಿಕೊಳ್ಳಿ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರೊಂದಿಗೆ ದೀಕ್ಷೆ ಪಡೆದ ನಾಗಪುರದ ದೀಕ್ಷಾಭೂಮಿಯಲ್ಲಿ ಪ್ರತಿ ಅಶೋಕ ವಿಜಯದಶಮಿಗೆ ಜನಸಾಗರ ಸೇರುತ್ತದೆ. ಪುಸ್ತಕದ ಸ್ಟಾಲುಗಳ ಜೊತೆಗೆ ಫೋಟೋ ಸ್ಟಾಲುಗಳೂ ಸಾಲಾಗಿ ಇರುತ್ತವೆ. ಅಲ್ಲಿ ಸಿಗುವ ಬಾಬಾಸಾಹೇಬರ ಫೋಟೋ ಹೇಗಿದೆ? ಕೋಟು, ಕನ್ನಡಕ, ಪಕ್ಕದಲ್ಲಿ ಪುಸ್ತಕ, ತಗ್ಗದ ನೋಟ. ನಮ್ಮ ಹಿರಿಯರು ಅದನ್ನು ಜೋಪಾನವಾಗಿ ಊರಿಗೆ ತಂದು ಗೋಡೆಗೆ ಹಾಕಿದರು. ತಲೆ ಎತ್ತಿ ಕೂರುವುದು ಹೇಗೆ ಎಂದು ಮಕ್ಕಳು ಆ ಫೋಟೋ ನೋಡಿ ಕಲಿತರು.

ಎರಡೂ ಫೋಟೋಗಳೇ, ಎರಡೂ ಸ್ಟಾಲಿನಲ್ಲಿ ಮಾರಾಟ ಆಗುವಂಥವೇ. ಒಂದು ಮನುಷ್ಯರನ್ನು ಅವರ ಕಷ್ಟದಷ್ಟಕ್ಕೆ ಕುಗ್ಗಿಸುತ್ತದೆ, ಇನ್ನೊಂದು ಅವರ ಪೂರ್ತಿ ಎತ್ತರಕ್ಕೆ ನಿಲ್ಲಿಸುತ್ತದೆ.

ಹಾಗಾದರೆ ದುಡಿಯುವವರ ಫೋಟೋ ತೆಗೆಯಲೇಬಾರದೆ? ತೆಗೆಯಿರಿ. ಮೊದಲು ಮಾತಾಡಿಸಿ, ಕೇಳಿ. "ಇದನ್ನು ಮಾರಾಟಕ್ಕೆ ಇಡುತ್ತೇವೆ ಅಮ್ಮ" ಎಂದು ಮುಚ್ಚುಮರೆ ಇಲ್ಲದೆ ಹೇಳಿ. ತೆಗೆದದ್ದನ್ನು ತೋರಿಸಿ. ಬೇಡ ಎಂದರೆ ಅವರ ಎದುರಿಗೇ ಅಳಿಸಿಬಿಡಿ. ಮಕ್ಕಳಾದರೆ ಹೆತ್ತವರನ್ನು ಕೇಳಿ. ಅವರಿಗೂ ಒಂದು ಪ್ರಿಂಟ್ ಕೊಡಿ. ಮಾರಾಟವಾದರೆ ಅದರಲ್ಲಿ ಅವರಿಗೊಂದು ಪಾಲು ಕೊಡಿ. ಅವರು ಒಪ್ಪಿದರೆ ಚೀಟಿಯಲ್ಲಿ ಹೆಸರು ಬರೆಯಿರಿ.

ಒಂದು ಪರೀಕ್ಷೆ ಸಾಕು. ನಾಳೆ ಆ ತಾಯಿಯೇ ಸ್ಟಾಲಿನ ಮುಂದೆ ಬಂದು ನಿಂತರೆ, ನಾವು ಅವಸರದಲ್ಲಿ ಆ ಫೋಟೋ ತಿರುಗಿಸಿಡಬೇಕಾಗುತ್ತದೆಯೇ? ಅಥವಾ "ಬನ್ನಿ ಅಮ್ಮ, ನೋಡಿ" ಎಂದು ಕರೆಯಬಹುದೇ?

*2. ಮೇಜಿನ ಎದುರಿಗೆ ಇರುವವರು*

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯನ್ನು ಹಲವರು ನೋಡಿದ್ದೀರಿ. ಕಲಾವಿದರು ತಮ್ಮ ಕೃತಿಗಳ ಪಕ್ಕದಲ್ಲಿ ರಸ್ತೆ ಬದಿಯಲ್ಲೇ ಕೂತಿರುತ್ತಾರೆ. ಕೊಳ್ಳುವವರಿಗೂ ಮಾಡಿದವರಿಗೂ ನಡುವೆ ದಲ್ಲಾಳಿ ಇಲ್ಲ. ಇಂಥ ಸಂತೆಗಳ ಸೊಗಸೇ ಅದು. ಹಾಗಾಗಿ ಅಲ್ಲಿ ನಮ್ಮ ಮಾತೇ ಗ್ಯಾರಂಟಿ.

ಇಲ್ಲಿ ನಾಲ್ಕನೇ ಶೀಲ ಪರೀಕ್ಷೆಗೆ ಬರುತ್ತದೆ. ಫೋಟೋದ ಮೂಲೆಯಲ್ಲಿ 3/25 ಎಂದು ಬರೆದರೆ, ಇದರ ಪ್ರತಿಗಳು ಒಟ್ಟು ಇಪ್ಪತ್ತೈದೇ, ಇದು ಮೂರನೆಯದು ಎಂದು ಮಾತು ಕೊಟ್ಟ ಹಾಗೆ. ಚೆನ್ನಾಗಿ ಹೋಗುತ್ತಿದೆ ಎಂದು ಇಪ್ಪತ್ತಾರನೆಯದನ್ನು ಪ್ರಿಂಟ್ ಹಾಕಿಸಿದರೆ ಅದು ಸುಳ್ಳು, ಬಾಯಿ ಬಿಡದೆ ಹೇಳಿದ ಸುಳ್ಳು. ಆಕಾಶಕ್ಕೆ ಕಂಪ್ಯೂಟರಿನಲ್ಲಿ ಹಕ್ಕಿ ಸೇರಿಸಿ, ಕೇಳಿದವರಿಗೆ "ಆ ಕ್ಷಣಕ್ಕೆ ಮೂರು ದಿನ ಕಾದೆ" ಎನ್ನುವುದೂ ಸುಳ್ಳು. ಸೇರಿಸುವುದು ತಪ್ಪಲ್ಲ, ಸೇರಿಸಿಲ್ಲ ಎನ್ನುವುದು ತಪ್ಪು. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಹಾಕಿದರೆ ಪ್ರಿಂಟ್ ಬಣ್ಣ ಮಾಸುತ್ತದೆ ಎಂಬುದನ್ನೂ ಮಾರುವ ಮೊದಲೇ ಹೇಳಬೇಕು.

ನಮ್ಮ ಮೇಳಗಳಲ್ಲಿ ಇನ್ನೂ ಒಂದು ಎಚ್ಚರ ಬೇಕು. ಇಂಟರ್‌ನೆಟ್ಟಿನಿಂದ ಇಳಿಸಿದ, ಈಗ ಎಐನಲ್ಲಿ ಹುಟ್ಟಿಸಿದ ಚಿತ್ರಗಳನ್ನು 'ಬಾಬಾಸಾಹೇಬರ ಅಪರೂಪದ ಫೋಟೋ' ಎಂದು ಮಾರುವುದು ಭಕ್ತಿಯೂ ಅಲ್ಲ, ಸೇವೆಯೂ ಅಲ್ಲ. ಪ್ರತಿಯೊಂದು ಮಾತಿಗೂ ಆಧಾರ ಹುಡುಕಿ ಬರೆದ ವ್ಯಕ್ತಿಯ ಹೆಸರಿನಲ್ಲಿ ಆಧಾರವಿಲ್ಲದ್ದನ್ನು ಮಾರುವುದು ಅವರಿಗೆ ಮಾಡುವ ಅಪಚಾರ.

ಬೆಲೆಯ ಚೀಟಿ ಎಲ್ಲರಿಗೂ ಒಂದೇ ಇರಲಿ. ಕಾರಿನಲ್ಲಿ ಬಂದವರಿಗೆ ಒಂದು ರೇಟು, ನಡೆದು ಬಂದವರಿಗೆ ಒಂದು ರೇಟು ಬೇಡ. ಐವತ್ತು ರೂಪಾಯಿಯ ಪೋಸ್ಟ್‌ಕಾರ್ಡ್ ಕೊಳ್ಳುವ ಕಾಲೇಜು ಹುಡುಗಿಗೂ, ಐದು ಸಾವಿರದ ಫ್ರೇಮ್ ಕೊಳ್ಳುವವರಿಗೂ ಅದೇ ಮಾತು, ಅದೇ ಮುಖ. ಬಟ್ಟೆ ನೋಡಿ ಮನುಷ್ಯರನ್ನು ಅಳೆಯುವುದು ಎಷ್ಟು ಉರಿಯುತ್ತದೆ ಎಂದು ಅಂಗಡಿ ಮುಂದೆ ದೂರ ನಿಲ್ಲಿಸಿಕೊಂಡ ನಮ್ಮ ಹಿರಿಯರಿಗೆ ಗೊತ್ತಿತ್ತು.

*3. ಪಕ್ಕದಲ್ಲೇ ಇರುವವರು*

ಮೂವರಲ್ಲಿ ಸುಲಭವಾಗಿ ಮರೆತುಹೋಗುವವರು ಇವರು.

ದಂಪತಿ ನಡೆಸುವ ಸ್ಟಾಲುಗಳನ್ನು ಗಮನಿಸಿ ನೋಡಿ. ಹೆಂಡತಿ ಬೆಳಗ್ಗೆ ನಾಲ್ಕಕ್ಕೆ ಎದ್ದು ತಿಂಡಿ ಕಟ್ಟಿ, ಮಕ್ಕಳನ್ನು ಅಜ್ಜಿ ಮನೆಗೆ ಬಿಟ್ಟು, ಗಾಜು ಒಡೆಯದಂತೆ ಫ್ರೇಮುಗಳಿಗೆ ಹಳೇ ಸೀರೆ ಸುತ್ತಿ ತಂದಿರುತ್ತಾರೆ. ದಿನವಿಡೀ ಪ್ಯಾಕ್ ಮಾಡುತ್ತಾರೆ, ಲೆಕ್ಕ ಬರೆಯುತ್ತಾರೆ. ಅಷ್ಟಾದರೂ ಗಿರಾಕಿ ಬಂದು ಕೇಳುವುದು, "ಸರ್ ಎಲ್ಲಿ? ಫೋಟೋ ಬಗ್ಗೆ ಕೇಳಬೇಕಿತ್ತು." ಆ ಫೋಟೋ ತೆಗೆದವರು ಆಕೆಯೇ ಇರಬಹುದು! ಬ್ಯಾನರಿನಲ್ಲಿ ಗಂಡನ ಹೆಸರು ಒಂದೇ ಇದ್ದರೆ ಗಿರಾಕಿ ಇನ್ನೇನು ಕೇಳಿಯಾರು?

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗಂಡನಿಗೆ ಹೇಳುವ ಕರ್ತವ್ಯಗಳಲ್ಲಿ ಮೂರನ್ನು ನೋಡಿ: ಹೆಂಡತಿಯನ್ನು ಗೌರವಿಸುವುದು, ಅವಮಾನಿಸದಿರುವುದು, ಅಧಿಕಾರವನ್ನು ಆಕೆಯ ಕೈಗೆ ಒಪ್ಪಿಸುವುದು. ಹೆಂಡತಿಗೂ ಕರ್ತವ್ಯಗಳಿವೆ: ಗಳಿಸಿದ್ದನ್ನು ಕಾಪಾಡುವುದು, ಕೆಲಸದಲ್ಲಿ ಕುಶಲತೆ, ಸೋಮಾರಿತನ ಇಲ್ಲದಿರುವುದು. ನಮ್ಮ ಹೆಣ್ಣುಮಕ್ಕಳು ತಮ್ಮ ಪಾಲನ್ನು ಹೇಗೂ ಮಾಡುತ್ತಲೇ ಬಂದಿದ್ದಾರೆ. ಅಧಿಕಾರ ಒಪ್ಪಿಸುವ ಭಾಗವೇ ಬಾಕಿ ಉಳಿದಿರುವುದು.

ಅದನ್ನು ಸ್ಟಾಲಿನಲ್ಲೇ ಪರೀಕ್ಷಿಸಬಹುದು. ಮೇಜಿನ ಮೇಲೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದುಡ್ಡು ಯಾರ ಖಾತೆಗೆ ಹೋಗುತ್ತದೆ? ಇದು ಸಣ್ಣ ಪ್ರಶ್ನೆ ಅಲ್ಲ. 1951ರಲ್ಲಿ ಬಾಬಾಸಾಹೇಬರು ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದಕ್ಕೆ ಹಿಂದೂ ಕೋಡ್ ಬಿಲ್ ಕೈಬಿಟ್ಟದ್ದು ಒಂದು ಮುಖ್ಯ ಕಾರಣ. ಹೆಣ್ಣಿಗೆ ಆಸ್ತಿಯಲ್ಲಿ ಹಕ್ಕು ಬೇಕೆಂದು ಅವರು ಮಂತ್ರಿ ಪದವಿಯನ್ನೇ ಬಿಟ್ಟರು. ನಾವು ಜಂಟಿ ಖಾತೆ ತೆರೆಯಲು ಹಿಂದೆಮುಂದೆ ನೋಡಬಾರದು. ಬ್ಯಾನರಿನಲ್ಲಿ ಇಬ್ಬರ ಹೆಸರು, ಪ್ರತಿ ಫೋಟೋದ ಕೆಳಗೆ ಅದನ್ನು ತೆಗೆದವರ ಹೆಸರು, ಲೆಕ್ಕದ ಪುಸ್ತಕ ಇಬ್ಬರಿಗೂ ತೆರೆದಿರಬೇಕು.

ನಕುಲಪಿತ, ನಕುಲಮಾತೆಯರ ಪ್ರಸಂಗ ನಿಮಗೆ ಗೊತ್ತಿದೆ. ನಕುಲಪಿತ ಕಾಯಿಲೆ ಬಿದ್ದು ಸಾಯುವ ಸ್ಥಿತಿಯಲ್ಲಿದ್ದಾಗ, ಚಿಂತೆಯಿಂದ ಪ್ರಾಣ ಬಿಡಬೇಡಿ ಎಂದು ನಕುಲಮಾತೆ ಧೈರ್ಯ ಹೇಳುತ್ತಾಳೆ. ಆಕೆ ಮೊದಲು ಹೇಳುವುದು ತನ್ನ ಕಸುಬಿನ ಮಾತು. ಹತ್ತಿ ನೂಲುವುದು, ಉಣ್ಣೆಯ ಕೆಲಸ ನನಗೆ ಚೆನ್ನಾಗಿ ಬರುತ್ತದೆ, ಮಕ್ಕಳನ್ನು ಸಾಕಬಲ್ಲೆ, ಮನೆ ನಡೆಸಬಲ್ಲೆ ಎನ್ನುತ್ತಾಳೆ. ನಕುಲಪಿತ ಚೇತರಿಸಿಕೊಂಡು ಕೋಲೂರಿ ಬುದ್ಧರ ಬಳಿ ಬಂದಾಗ, ಇಂಥ ಹಿತೈಷಿ ಸಿಕ್ಕಿದ್ದು ನಿನ್ನ ಭಾಗ್ಯ ಎಂದು ಬುದ್ಧರು ಆಕೆಯನ್ನು ಮೆಚ್ಚುತ್ತಾರೆ. ಹೆಂಡತಿ ಕಸುಬಿನಲ್ಲಿ ಸಮನಾಗಿದ್ದ ಮನೆ ಕಷ್ಟ ಬಂದಾಗ ಕುಸಿಯಲಿಲ್ಲ. ಹೆಂಡತಿಯನ್ನು ಬರೀ ಸಹಾಯಕಿಯಾಗಿ ಇಟ್ಟುಕೊಂಡ ಸ್ಟಾಲು, ಗಂಡನಿಗೆ ಜ್ವರ ಬಂದ ದಿನ ಬಾಗಿಲು ಹಾಕುತ್ತದೆ.

ಕೊನೆಯದಾಗಿ, ಒಂದೂ ಮಾರಾಟವಾಗದ ದಿನದ ಬಗ್ಗೆ. ಮಳೆ ಬಂತು, ಜನ ಬರಲಿಲ್ಲ, ತಂದ ಫ್ರೇಮುಗಳೆಲ್ಲ ವಾಪಸ್ ಟೆಂಪೊಗೆ. ಆಗ ಬಾಯಿಗೆ ಬರುವುದು "ನಿನ್ನಿಂದಲೇ ಹೀಗಾಯಿತು" ಎಂಬ ಮಾತು. ಆ ಮಾತು ಬಾಯಿಂದ ಹೊರಡುವ ಮೊದಲು ಒಂದು ಉಸಿರಿನಷ್ಟು ಹೊತ್ತು ತಡೆಯಿರಿ. ಸಮ್ಯಕ್ ವಾಚಾ ಬೇಕಾಗುವುದು ವಿಹಾರದಲ್ಲಿ ಅಲ್ಲ, ಆ ಟೆಂಪೊದಲ್ಲಿ.

*ತಕ್ಕಡಿ*

ಅಂಥ ದಿನಕ್ಕೆ ಬುದ್ಧರು ದಾರಿ ಹೇಳಿದ್ದಾರೆ. ಸಿಗಾಲನಿಗೆ ಹೇಳಿದಂತೆ ಗಳಿಕೆಯನ್ನು ನಾಲ್ಕು ಭಾಗ ಮಾಡಿ. ಒಂದು ಭಾಗ ಜೀವನಕ್ಕೆ, ಎರಡು ಭಾಗ ಮತ್ತೆ ಕಸುಬಿಗೆ, ನಾಲ್ಕನೆಯದು ಕಷ್ಟಕಾಲಕ್ಕೆ. ಸ್ಟಾಲಿನ ಮಾತಿನಲ್ಲಿ ಹೇಳುವುದಾದರೆ ಮುಂದಿನ ಮೇಳದ ಬಾಡಿಗೆ, ಪ್ರಿಂಟ್, ಫ್ರೇಮಿಗೆ ಅರ್ಧ. ಮಳೆ ಬಂದ ಭಾನುವಾರಕ್ಕೆ ಕಾಲು ಭಾಗ. ಕೋಲಿಯರ ದೀಘಜಾಣುವಿಗೆ ಬುದ್ಧರು ತಕ್ಕಡಿಯ ಹೋಲಿಕೆ ಕೊಟ್ಟರು. ತಕ್ಕಡಿ ಹಿಡಿದವರಿಗೆ ಯಾವ ಕಡೆ ಎಷ್ಟು ತೂಗುತ್ತಿದೆ ಎಂದು ತಿಳಿಯುವ ಹಾಗೆ, ಗೃಹಸ್ಥರಿಗೆ ಆದಾಯ, ಖರ್ಚು ಎರಡೂ ತಿಳಿದಿರಬೇಕು. ಬೆನ್ನ ಹಿಂದೆ ಪಿತ್ರಾರ್ಜಿತ ಇಲ್ಲದ ನಮ್ಮಂಥವರಿಗೆ ಈ ಮಾತು ಎಲ್ಲರಿಗಿಂತ ಹೆಚ್ಚು ಬೇಕು. ಸಾಲ ಮಾಡಿ ಐವತ್ತು ಫ್ರೇಮ್ ಕಟ್ಟಿಸಬೇಡಿ. ಹತ್ತರಿಂದ ಶುರು ಮಾಡಿ.

*ಇಂದಿನ ಅಭ್ಯಾಸ* 🪷

ನಾವೆಲ್ಲರೂ ಫೋಟೋ ಮಾರುವವರಲ್ಲ. ಆದರೆ ಈ ಮೂವರು ಎಲ್ಲ ಕೆಲಸದಲ್ಲೂ ಇದ್ದಾರೆ. ಆಟೋ ಓಡಿಸಲಿ, ಪಾಠ ಹೇಳಲಿ, ಕಚೇರಿಯಲ್ಲಿ ಫೈಲು ನೋಡಲಿ, ಇಂದು ರಾತ್ರಿ ಮಲಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ.

▪️ ಯಾರಿಂದಾಗಿ ನನಗೆ ಇಂದಿನ ಗಳಿಕೆ ಬಂತೋ, ಅವರನ್ನು ಕೇಳಿ ತೆಗೆದುಕೊಂಡೆನೇ?
▪️ ನನ್ನ ಎದುರಿಗೆ ನಿಂತವರಿಗೆ ನಿಜ ಹೇಳಿದೆನೇ?
▪️ ನನ್ನ ಪಕ್ಕದಲ್ಲಿ ದುಡಿದವರ ಹೆಸರು ಹೇಳಿದೆನೇ, ಪಾಲು ಕೊಟ್ಟೆನೇ?

ಆ ದಂಪತಿಗೆ ನಮ್ಮ ಬಳಗದ ಉತ್ತರ ಇಷ್ಟೇ: ಧೈರ್ಯವಾಗಿ ಸ್ಟಾಲ್ ಹಾಕಿ. ಮೂವರಿಗೂ ಜಾಗ ಇರುವಷ್ಟು ದೊಡ್ಡದಾಗಿ ಹಾಕಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು 🙏

ಜೈ ಭೀಮ್ 💙

_ನಾಳೆಯ ಚಿಂತನೆ: ಸಮ್ಯಕ್ ವ್ಯಾಯಾಮ. ಓದಿದವರು ನಿಮ್ಮ ಮನೆಯವರಿಗೂ ಓದಿ ಹೇಳಿ, ಇತರ ಬಳಗಗಳಿಗೂ ಕಳಿಸಿ._